ಸೆಲ್ಫ್ ತಗೊಳ್ತಾ ಇದ್ಯಾ, ಇಲ್ವಾ?

ಶ್ರಾವಣದ ಬೆಳಗ್ಗೆ ಆರೂವರೆ. ತೀರ್ಥಹಳ್ಳಿಯ ಆಚೀಚೆ ಯಾವ ಊರನ್ನು ಬೇಕಾದರೂ ಇಟ್ಟುಕೊಳ್ಳಿ. ಸಾಗರದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಟ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹನ್ನೆರಡು ವರ್ಷದ ಪೆಟ್ರೋಲ್ ಕಾರಿನಲ್ಲಿ ಕೂತು ಕೀಲಿ ತಿರುಗಿಸುತ್ತಾರೆ. ಟಕ್. ಇನ್ನೊಮ್ಮೆ ತಿರುಗಿಸುತ್ತಾರೆ. ಟಕ್‌ಟಕ್‌ಟಕ್‌ಟಕ್. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟ ಹೆಂಡತಿ, ಅವರ ಮಡಿಲಲ್ಲಿ ಉಡುಗೊರೆಯ ಸ್ಟೀಲ್ ಪಾತ್ರೆ, ಹೊರಗೆ ಜಿಟಿಜಿಟಿ ಮಳೆ. ಕೊಡೆ ಹಿಡಿದು ಬಂದ ಪಕ್ಕದ ಮನೆಯವರು "ಪ್ಲಗ್ ಬಿಚ್ಚಿ ಒರೆಸಿ, ಸರಿಯಾಗ್ತದೆ" ಎನ್ನುತ್ತಾರೆ. ಹಾಲು ಕೊಡಲು ಬಂದ ಹುಡುಗ "ತಳ್ಳೋಣ ಸಾರ್" ಎನ್ನುತ್ತಾನೆ. ಕೊನೆಗೆ ಪೇಟೆಯ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ.

"ಗಾಡಿ ಸ್ಟಾರ್ಟೇ ಆಗ್ತಿಲ್ಲ ಮಾರಾಯ."

"ಮೇಷ್ಟ್ರೆ, ಸೆಲ್ಫ್ ತಗೊಳ್ತಾ ಇದ್ಯಾ, ಇಲ್ವಾ? ಅದೊಂದು ಹೇಳಿ ಮೊದ್ಲು."

ಅರ್ಧ ರಿಪೇರಿ ಇರುವುದು ಈ ಪ್ರಶ್ನೆಯಲ್ಲಿ. ಕಾರು ಸ್ಟಾರ್ಟ್ ಆಗುವುದೆಂದರೆ ಒಂದರ ಹಿಂದೊಂದು ಎರಡು ಬೇರೆ ಕೆಲಸ ನಡೆಯಬೇಕು. ಮೊದಲು ಯಾರಾದರೂ ಎಂಜಿನ್ನನ್ನು ಹಿಡಿದು ತಿರುಗಿಸಬೇಕು; ಆ ಕೂಲಿಯಾಳೇ ಸೆಲ್ಫ್, ಅಂದರೆ ಸ್ಟಾರ್ಟರ್ ಮೋಟಾರು. ಆಮೇಲೆ, ತಿರುಗುತ್ತಿರುವ ಎಂಜಿನ್ನಿನ ಒಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ತಾಗಿ ಅದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. "ಸೆಲ್ಫ್ ತಗೊಳ್ತಿಲ್ಲ" ಎಂದರೆ ಬ್ಯಾಟರಿ, ಅದರ ವೈರು, ಸ್ಟಾರ್ಟರು, ಕೀಲಿ ಸ್ವಿಚ್ಚು — ಇವುಗಳ ಆಚೀಚೆಯೇ ಕಳ್ಳನಿದ್ದಾನೆ. "ಸೆಲ್ಫ್ ಚೆನ್ನಾಗಿ ತಗೊಳ್ತದೆ, ಗಾಡಿ ಹಿಡೀತಿಲ್ಲ" ಎಂದರೆ ಬ್ಯಾಟರಿಯನ್ನು ಬೈದು ಫಲವಿಲ್ಲ; ಕಿಡಿಯನ್ನೋ ಪೆಟ್ರೋಲನ್ನೋ ಹುಡುಕಬೇಕು. ಈ ಎರಡು ದಾರಿ ಬೆರೆತುಹೋದಾಗಲೇ ಜನರ ದುಡ್ಡು ಹೋಗುವುದು. ಸೆಲ್ಫೇ ತಿರುಗದ ಗಾಡಿಗೆ ಹೊಸ ಪ್ಲಗ್ ಹಾಕಿಸಿದವರಿದ್ದಾರೆ. ಪೆಟ್ರೋಲ್ ಪಂಪು ಸತ್ತ ಗಾಡಿಗೆ ಹೊಸ ಬ್ಯಾಟರಿ ಕೂರಿಸಿದವರೂ ಇದ್ದಾರೆ.

ಬಾನೆಟ್ ಎತ್ತುವ ಮೊದಲು ಕಿವಿ ಕೊಡುವುದು ಒಳ್ಳೆಯದು. ರೋಗವನ್ನು ಕಾರು ಶಬ್ದದಲ್ಲೇ ಹೇಳುತ್ತದೆ. ಮೇಷ್ಟ್ರಿಗೆ ಕೇಳಿಸಿದ ಆ ಟಕ್‌ಟಕ್‌ಟಕ್ ಎಂಬ ಸರಮಾಲೆ ಬಹುಮಟ್ಟಿಗೆ ಬ್ಯಾಟರಿಯ ನಿತ್ರಾಣದ ದನಿ. ಸ್ಟಾರ್ಟರಿನ ತಲೆಯ ಮೇಲೆ ಕೂತ ಸೋಲೆನಾಯ್ಡ್ ಎಂಬ ವಿದ್ಯುತ್ ಅಯಸ್ಕಾಂತ ಮೋಟಾರಿಗೆ ದೊಡ್ಡ ಕರೆಂಟು ಬಿಡಲು ಬಾಗಿಲು ತೆಗೆಯುತ್ತದೆ. ಮೋಟಾರು ಎಳೆದ ಕೂಡಲೇ ಬ್ಯಾಟರಿಯ ವೋಲ್ಟೇಜು ಕುಸಿಯುತ್ತದೆ. ಅಯಸ್ಕಾಂತಕ್ಕೇ ಶಕ್ತಿ ಸಾಲದೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಭಾರ ಇಳಿದದ್ದರಿಂದ ವೋಲ್ಟೇಜು ಮತ್ತೆ ಏರುತ್ತದೆ, ಬಾಗಿಲು ಮತ್ತೆ ತೆರೆಯುತ್ತದೆ. ಸೆಕೆಂಡಿಗೆ ಹಲವು ಸಲ ನಡೆಯುವ ಈ ತೆರೆ-ಮುಚ್ಚುವಿಕೆಯೇ ಆ ಸದ್ದು. ಒಂದೇ ಒಂದು ಗಟ್ಟಿ 'ಟಕ್' ಬಂದು ಆಮೇಲೆ ಮೌನವಾದರೆ ಅನುಮಾನ ಸ್ಟಾರ್ಟರಿನ ಕಡೆ ತಿರುಗುತ್ತದೆ: ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು, ಇಲ್ಲವೇ ಸೋಲೆನಾಯ್ಡ್‌ನ ತಾಮ್ರದ ಬಿಲ್ಲೆ ಸುಟ್ಟಿರಬಹುದು. ಎಂಜಿನ್ ತಿರುಗದೆ 'ವ್ಹೀಂ' ಎಂದು ಮೋಟಾರೊಂದೇ ಖಾಲಿ ಸುತ್ತಿದರೆ, ಅದರ ಮೂತಿಯ ಪುಟ್ಟ ಹಲ್ಲಿನ ಚಕ್ರ ಎಂಜಿನ್ನಿನ ಫ್ಲೈವೀಲ್‌ಗೆ ಕಚ್ಚಿಕೊಳ್ಳುತ್ತಿಲ್ಲ. 'ಊಂ... ಊಂ... ಊಂ' ಎಂದು ಏದುಸಿರು ಬಿಡುತ್ತ ನಿಧಾನಕ್ಕೆ ತಿರುಗಿದರೆ ಬ್ಯಾಟರಿ ಅರ್ಧ ಜೀವದಲ್ಲಿದೆ, ಇಲ್ಲವೇ ವೈರಿನ ಜೋಡಣೆ ಕೆಟ್ಟಿದೆ.

ಏನೂ ಸದ್ದೇ ಇಲ್ಲದಿದ್ದರೆ? ಗಾಬರಿಗೆ ಮೊದಲು ಗೇರ್ ನೋಡಿ. ಆಟೊಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಕ್ಲಚ್ ಪೂರ್ತಿ ಒತ್ತದೆ ಜಪ್ಪಯ್ಯ ಎಂದರೂ ಅಲುಗದ ಮ್ಯಾನ್ಯುವಲ್ ಕಾರುಗಳೂ ಈಗ ಬೇಕಾದಷ್ಟಿವೆ. ಪೆಡಲಿನ ಕೆಳಗೆ ಮಡಚಿಕೊಂಡ ಮ್ಯಾಟ್ ಕೂಡ ಅಡ್ಡ ಬರುತ್ತದೆ. ಇನ್ನು ಕೀಲಿಯೇ ತಿರುಗುತ್ತಿಲ್ಲ ಎಂದರೆ ಅದು ಸ್ಟೇರಿಂಗ್ ಲಾಕ್. ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸುತ್ತ ಕೀಲಿ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಕೀಲಿರಂಧ್ರ ಬಿಗಿಯಾಗಿದ್ದರೆ ಎಣ್ಣೆ ಬಿಡುವ ಚಾಳಿ ಹಲವರಿಗಿದೆ. ಎಣ್ಣೆಗೆ ಧೂಳು ಅಂಟಿ ನಾಳೆ ಇನ್ನಷ್ಟು ಬಿಗಿಯಾಗುತ್ತದೆ. ಕೀಲಿಯ ಹಲ್ಲಿಗೆ ಮಕ್ಕಳ ಪೆನ್ಸಿಲ್ಲಿನ ಸೀಸ ಉಜ್ಜಿ ನಾಲ್ಕು ಸಲ ಒಳಗೆ ಹೊರಗೆ ಆಡಿಸುವುದು ಮೇಲು.

ಶಬ್ದದ ಜೊತೆಗೆ ಬೆಳಕಿನ ಸಾಕ್ಷಿಯನ್ನೂ ಕೇಳಬಹುದು. ಹೆಡ್‌ಲೈಟ್ ಹಾಕಿ, ಗೋಡೆಯ ಮೇಲೆ ಬಿದ್ದ ಬೆಳಕನ್ನು ನೋಡುತ್ತ ಕೀಲಿ ತಿರುಗಿಸಬೇಕು. ಬೆಳಕು ಪೂರ್ತಿ ಕುಂದಿಹೋದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್. ಬೆಳಕು ಕಿಂಚಿತ್ತೂ ಕದಲದೆ ಉರಿದರೆ ಸ್ಟಾರ್ಟರಿಗೆ ಕರೆಂಟೇ ತಲುಪಿಲ್ಲ. ಕೀಲಿ ಸ್ವಿಚ್ಚು, ರಿಲೇ, ಫ್ಯೂಸು, ಕ್ಲಚ್ ಸ್ವಿಚ್ಚಿನ ಕಡೆ ನೋಡಬೇಕು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ: "ಲೈಟು ಉರೀತದೆ, ಹಾರ್ನ್ ಹೊಡೀತದೆ, ಬ್ಯಾಟರಿ ಹೇಗೆ ಕೆಟ್ಟಿರ್ತದೆ?" ಲೆಕ್ಕ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಎರಡು ಹೆಡ್‌ಲೈಟ್ ಸೇರಿ ಎಳೆಯುವುದು ಸುಮಾರು 10 ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಎಳೆಯುವುದು 100ರಿಂದ 150 ಆಂಪಿಯರ್. ಡೀಸೆಲ್ ಎಂಜಿನ್ ಆದರೆ ಇನ್ನೂ ಹೆಚ್ಚು. ಮನೆಯಲ್ಲಿ ಚಟ್ನಿ ರುಬ್ಬುವ 750 ವ್ಯಾಟಿನ ಮಿಕ್ಸಿ 230 ವೋಲ್ಟಿನಲ್ಲಿ ಮೂರು ಚಿಲ್ಲರೆ ಆಂಪಿಯರ್‌ನಲ್ಲಿ ಕೆಲಸ ಮುಗಿಸುತ್ತದೆ. 12 ವೋಲ್ಟಿನಲ್ಲಿ ಅಂಥದೇ ಬಲ ಬೇಕೆಂದರೆ ಕರೆಂಟು ಇಪ್ಪತ್ತು ಪಟ್ಟು ಹರಿಯಬೇಕು. ಟರ್ಮಿನಲ್ಲಿನ ಮೇಲೆ ಕೂತ ಕಿಲುಬಿನಿಂದ ಬರೀ 0.02 ಓಮ್ ತಡೆ ಹುಟ್ಟಿದೆ ಎಂದುಕೊಳ್ಳಿ. 10 ಆಂಪಿಯರ್‌ಗೆ ಅಲ್ಲಿ ಪೋಲಾಗುವುದು 0.2 ವೋಲ್ಟ್, ಲೈಟಿಗೆ ಅದು ಗೊತ್ತೇ ಆಗುವುದಿಲ್ಲ. 150 ಆಂಪಿಯರ್ ಹರಿಯಹೊರಟರೆ ಅದೇ ಜಾಗ 3 ವೋಲ್ಟ್ ನುಂಗುತ್ತದೆ, ಸೆಲ್ಫ್ ಮಕಾಡೆ ಮಲಗುತ್ತದೆ. ಓಣಿಯ ಸಂದಿಯಲ್ಲಿ ಸೈಕಲ್ಲು ಸಲೀಸಾಗಿ ಹೋಯಿತೆಂದು ಕಬ್ಬಿನ ಲಾರಿಯೂ ಅದೇ ಸಂದಿಯಲ್ಲಿ ನುಸುಳೀತೆಂದು ಹೇಳಲಾಗದು.

"ಬಾನೆಟ್ ಎತ್ತಿ ಮೇಷ್ಟ್ರೆ," ಫೋನಿನಲ್ಲಿ ಮೆಕ್ಯಾನಿಕ್ ಮುಂದುವರಿಸುತ್ತಾನೆ. "ಬ್ಯಾಟರಿ ತಲೆ ಮೇಲೆ ಏನಾದ್ರೂ ಬೆಳ್ದಿದ್ಯಾ ನೋಡಿ."

ಬೆಳೆದಿತ್ತು. ಪ್ಲಸ್ ಟರ್ಮಿನಲ್ಲಿನ ಸುತ್ತ ಬಿಳಿ-ಹಸಿರು ಬಣ್ಣದ ಬೂಷ್ಟು, ಹಳೆಯ ಸುಣ್ಣದ ಡಬ್ಬಿಯ ಬಾಯಲ್ಲಿ ಕಟ್ಟಿದ ಹಾಗೆ. ಬ್ಯಾಟರಿಯ ಒಳಗಿನ ಗಂಧಕಾಮ್ಲದ ಆವಿ ಸೀಸವನ್ನೂ ತಾಮ್ರವನ್ನೂ ತಿಂದು ಬಿಟ್ಟ ಹೂವು ಅದು. ಕ್ಲಾಂಪನ್ನು ಹಿಡಿದರೆ ಬೆರಳಿಗೇ ಅಲುಗುತ್ತಿತ್ತು. ಇದನ್ನು ಬಿಡಿಸಲು ಬೇಕಾದ್ದು ಹತ್ತು ನಂಬರಿನ ಸ್ಪ್ಯಾನರ್, ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ, ಹಳೆಯ ಟೂತ್‌ಬ್ರಷ್, ಚೂರು ಉಪ್ಪುಕಾಗದ. ಕ್ರಮ ಮಾತ್ರ ತಪ್ಪಬಾರದು: ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಿನ ಇಡೀ ತಗಡು ಮೈನಸ್‌ಗೆ ಸೇರಿಕೊಂಡಿರುತ್ತದೆ. ಅದನ್ನು ಬಿಚ್ಚದೆ ಪ್ಲಸ್‌ಗೆ ಸ್ಪ್ಯಾನರ್ ಹಾಕಿ, ಅದರ ಬಾಲ ಎಲ್ಲಾದರೂ ತಗಡಿಗೆ ತಾಗಿದರೆ ಕಣ್ಣು ಕೋರೈಸುವ ಕಿಡಿ. ಬ್ಯಾಟರಿ ಹೈಡ್ರೋಜನ್ ಬಿಡುತ್ತಿರುತ್ತದೆ, ಅದಕ್ಕೆ ಕಿಡಿ ತಾಗಿದರೆ ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಎರಚುತ್ತದೆ. ಕೈಯ ಉಂಗುರ, ಬಳೆ, ಲೋಹದ ವಾಚು ತೆಗೆದಿಟ್ಟು, ಕನ್ನಡಕವಾದರೂ ಹಾಕಿಕೊಂಡು ಕೆಲಸಕ್ಕಿಳಿಯಬೇಕು. ಬೀಡಿ ಸಿಗರೇಟಿನ ಮಾತಂತೂ ಇಲ್ಲವೇ ಇಲ್ಲ. ಸೋಡಾನೀರು ಬಿದ್ದಲ್ಲೆಲ್ಲ ಬುರುಬುರು ನೊರೆ ಎದ್ದು ಬೂಷ್ಟು ಕರಗುತ್ತದೆ. ಆ ನೀರು ಬ್ಯಾಟರಿಯ ಮುಚ್ಚಳದ ಒಳಗೆ ಇಳಿಯದ ಹಾಗೆ ನೋಡಿಕೊಂಡರಾಯಿತು. ಒರೆಸಿ ಒಣಗಿಸಿ, ಸೀಸ ಹೊಳೆಯುವಷ್ಟು ಉಪ್ಪುಕಾಗದ ಉಜ್ಜಿ, ಕ್ಲಾಂಪ್ ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಮೊದಲೇ ಸವರಿ ಆಮೇಲೆ ಬಿಗಿಯುವವರಿದ್ದಾರೆ. ಬಿಗಿದ ಮೇಲೆ ಸವರುವುದೇ ಸರಿ.

ಮೈನಸ್ ವೈರಿನ ಇನ್ನೊಂದು ತುದಿಯನ್ನು ಯಾರೂ ನೋಡುವುದಿಲ್ಲ. ಅದು ಬಾಡಿಗೂ ಗೇರ್‌ಬಾಕ್ಸಿಗೂ ಬೋಲ್ಟಿನಿಂದ ಸೇರುವ ಜಾಗ ಕೆಸರು, ತುಕ್ಕು ಹಿಡಿದು ಕೂತಿರುತ್ತದೆ. ಗ್ಯಾರೇಜಿನವರು "ಅರ್ತ್ ಸರಿ ಇಲ್ಲ" ಎನ್ನುವುದು ಇದಕ್ಕೇ.

ಮನೆಯಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಊಹೆಯ ಅರ್ಧ ಭಾರ ಇಳಿಯುತ್ತದೆ. ಬೆಲೆ ಕೆಲವು ನೂರು ರೂಪಾಯಿ; ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಹೊಟ್ಟೆ ತುಂಬಿದೆ. 12.2 ಎಂದರೆ ಅರ್ಧ ಹೊಟ್ಟೆ. 12ಕ್ಕಿಂತ ಕೆಳಗೆ ಉಪವಾಸ. ಬ್ಯಾಟರಿಯಲ್ಲಿ ತಲಾ ಎರಡು ವೋಲ್ಟಿಗೆ ತುಸು ಮೇಲ್ಪಟ್ಟ ಆರು ಕೋಣೆಗಳಿರುವುದರಿಂದ, ಎಷ್ಟು ಚಾರ್ಜ್ ಮಾಡಿದರೂ ಮೀಟರು 10.5ರ ಸುತ್ತಲೇ ಗಿರಕಿ ಹೊಡೆದರೆ ಒಂದು ಕೋಣೆ ಸತ್ತಿದೆ ಎಂದೇ ಲೆಕ್ಕ. ಅದು ಮತ್ತೆ ಬದುಕುವುದಿಲ್ಲ. ಇನ್ನೊಬ್ಬರು ಸೆಲ್ಫ್ ಹೊಡೆಯುವಾಗ ಮೀಟರ್ ನೋಡಬೇಕು: ವೋಲ್ಟೇಜು ಇಳಿಯುವುದು ಸಹಜ, ಆದರೆ 9.6ರ ಕೆಳಗೆ ಜಾರಬಾರದು. ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಸೋತರೆ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿಲೋಹಕ್ಕೂ ಇಟ್ಟು ಸೆಲ್ಫ್ ಹೊಡೆಸಿ ನೋಡಬಹುದು. ಅಲ್ಲಿ ಅರ್ಧ ವೋಲ್ಟಿನಷ್ಟು ಕಂಡರೂ ಅರ್ತ್ ವೈರೇ ಅಪರಾಧಿ.

ಬ್ಯಾಟರಿ ರಾತ್ರಿ ಕಳೆದು ಬೆಳಗಾಗುವುದರಲ್ಲಿ ಖಾಲಿಯಾಗುವುದಕ್ಕೆ ಸಣ್ಣ ಕಾರಣಗಳೇ ಹೆಚ್ಚು: ಮುಚ್ಚದ ಡಿಕ್ಕಿಯ ಬಲ್ಬು, ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಸದಾ ಎಚ್ಚರವಿರುವ ಡ್ಯಾಶ್ ಕ್ಯಾಮೆರಾ. ನಿಂತ ಕಾರು 50 ಮಿಲಿಆಂಪಿಯರ್ ಒಳಗೆ ಕುಡಿದರೆ ದೋಷವಲ್ಲ. ಗಡಿಯಾರ, ಅಲಾರ್ಮು, ಕಂಪ್ಯೂಟರಿನ ನೆನಪಿಗೆ ಅಷ್ಟು ಬೇಕು. ಆದರೆ 35 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿಯನ್ನು ಆ ಗುಟುಕೂ ತಿಂಗಳೊಪ್ಪತ್ತಿನಲ್ಲಿ ಪೂರ್ತಿ ಬರಿದು ಮಾಡುತ್ತದೆ. 2020ರ ಲಾಕ್‌ಡೌನ್ ಮುಗಿದು ಮನೆಮುಂದಿನ ಕಾರಿನ ಕವರ್ ತೆಗೆದವರಲ್ಲಿ ಎಷ್ಟೋ ಮಂದಿಗೆ ಇದು ಅನುಭವಕ್ಕೆ ಬಂದಿದೆ. ಚಳಿಗೆ ಬ್ಯಾಟರಿ ಸಾಯುತ್ತದೆ ಎಂಬ ಮಾತು ಹಿಮ ಬೀಳುವ ದೇಶಗಳದ್ದು. ರಾಯಚೂರು, ಕಲಬುರಗಿಯ ಬೇಸಿಗೆ ಬ್ಯಾಟರಿಯ ಒಳಗಿನ ಸೀಸದ ಜಾಲರಿಯನ್ನು ತಿಂದು, ನೀರನ್ನು ಹೀರಿ ಅದರ ಆಯಸ್ಸನ್ನು ಕಡಿಮೆ ಮಾಡುತ್ತದೆ; ಮೂರರಿಂದ ಐದು ವರ್ಷ ಬಾಳಿದರೆ ಸಮಾಧಾನ ಪಡಬೇಕು.

ಇನ್ನೊಂದು ಕಾರಿನಿಂದ ಜಂಪರ್ ಕೇಬಲ್ ಹಾಕುವುದಾದರೂ ಅಷ್ಟೇ, ಕ್ರಮವೇ ಮುಖ್ಯ. ಕೆಂಪು ವೈರು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಜೀವಂತ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರು ಜೀವಂತ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಮಾತ್ರ ಸತ್ತ ಬ್ಯಾಟರಿಗಲ್ಲ — ಆ ಕಾರಿನ ಎಂಜಿನ್ನಿನ ಯಾವುದಾದರೂ ಗಟ್ಟಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರುವುದು ಆ ಕೊನೆಯ ತಾಗುವಿಕೆಯಲ್ಲಿ, ಅದು ಹೈಡ್ರೋಜನ್ನಿನ ಬಳಿ ಬೇಡ. ಅಗ್ಗಕ್ಕೆ ಸಿಗುವ ತೆಳು ಕೇಬಲ್ಲು ಕೈ ಸುಡುವಷ್ಟು ಬಿಸಿಯಾಗುತ್ತದೆಯೇ ಹೊರತು ಸೆಲ್ಫ್ ತಿರುಗಿಸುವುದಿಲ್ಲ. ಹಾಲಿನ ಹುಡುಗ ಹೇಳಿದಂತೆ ತಳ್ಳುವುದೂ ಮ್ಯಾನ್ಯುವಲ್ ಗೇರಿನ ಕಾರಿಗೆ ಸಲ್ಲುತ್ತದೆ: ಕೀಲಿ ಆನ್, ಸೆಕೆಂಡ್ ಗೇರ್, ಕ್ಲಚ್ ಒತ್ತಿ, ವೇಗ ಬಂದ ಮೇಲೆ ತಟ್ಟನೆ ಬಿಡುವುದು. ಇಳಿಜಾರಿನಲ್ಲಿ ಎಚ್ಚರ, ಎಂಜಿನ್ ಓಡದ ಕಾರಿನ ಬ್ರೇಕೂ ಸ್ಟೇರಿಂಗೂ ಕಲ್ಲಿನ ಹಾಗಿರುತ್ತವೆ. ಆಟೊಮ್ಯಾಟಿಕ್ ಕಾರನ್ನು ಊರೆಲ್ಲ ಸೇರಿ ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ.

ತಳ್ಳುವುದಕ್ಕೂ ಮೊದಲು ಹ್ಯಾಂಡಲ್ ಹೊಡೆಯುವ ಕಾಲವಿತ್ತು. ಅಂಬಾಸಿಡರ್, ಫಿಯೆಟ್ ಓಡಿಸಿದ ಹಿರಿಯರಿಗೆ ಅದು ನೆನಪಿದೆ: ಬಂಪರಿನ ನಡುವಿನ ತೂತಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ, ಹೆಬ್ಬೆರಳನ್ನು ಸುತ್ತ ಬಳಸದೆ ನಾಲ್ಕು ಬೆರಳ ಜೊತೆಗೇ ಇಟ್ಟು, ಮೇಲಕ್ಕೆಳೆಯಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಈ ಹ್ಯಾಂಡಲ್ಲಿಗೆ ಬದಲಿ ಕೊಟ್ಟ. ಅವನು ಮೊದಲು ದುಡಿದದ್ದು ಅಂಗಡಿಗಳ ಕ್ಯಾಶ್ ರಿಜಿಸ್ಟರ್ ಮಾಡುವ ಕಂಪನಿಯಲ್ಲಿ. ಅದರ ಡ್ರಾಯರ್ ತೆರೆಯಲು ಪುಟ್ಟ ವಿದ್ಯುತ್ ಮೋಟಾರು ಕೂರಿಸಿದ್ದ. ಕಾರಿನ ಎಂಜಿನ್ ತಿರುಗಿಸಲು ಎಂಜಿನ್ನಿನಷ್ಟೇ ದೊಡ್ಡ ಮೋಟಾರು ಬೇಕೆಂದು ಉಳಿದವರು ತಲೆ ಕೆಡಿಸಿಕೊಂಡಿದ್ದಾಗ ಅವನಿಗೆ ಹೊಳೆದದ್ದು ಬೇರೆ: ಮೋಟಾರು ದಿನವಿಡೀ ದುಡಿಯಬೇಕಿಲ್ಲ, ಕೆಲವೇ ಸೆಕೆಂಡು ಸಾಕು. ಅಷ್ಟು ಹೊತ್ತು ಸಣ್ಣ ಮೋಟಾರಿನ ಮೇಲೂ ಶಕ್ತಿಮೀರಿ ಭಾರ ಹೇರಬಹುದು. 1912ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಅವನ ಸೆಲ್ಫ್ ಸ್ಟಾರ್ಟರ್ ಬಂತು.

ಇವತ್ತಿಗೂ ಸೆಲ್ಫನ್ನು ಒಂದೇ ಸಮ ಹೊಡೆಯಬಾರದು ಎನ್ನುವ ಬುದ್ಧಿವಾದದ ಬೇರು ಅಲ್ಲಿದೆ. ಅದು ಚೋಟುದ್ದದ ಓಟದವನು, ದೂರದ ಓಟದವನಲ್ಲ. ಐದು ಸೆಕೆಂಡು, ಹೆಚ್ಚೆಂದರೆ ಹತ್ತು. ಆಮೇಲೆ ಅರ್ಧ ನಿಮಿಷ ಬಿಡುವು.

ಕೆಟರಿಂಗ್ ಸ್ಥಾಪಿಸಿದ ಕಂಪನಿಯ ಹೆಸರು ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ, ಚುಟುಕಾಗಿ ಡೆಲ್ಕೋ. ಕಿಡಿಯನ್ನು ಒಂದೊಂದು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರನ್ನು ನಮ್ಮ ಹಳೆಯ ಗ್ಯಾರೇಜುಗಳಲ್ಲಿ 'ಡೆಲ್ಕೋ' ಎಂದೇ ಕರೆಯುತ್ತಾರೆ. ಎಣ್ಣೆಗೈಯ ಹುಡುಗ "ಡೆಲ್ಕೋ ಬಿಚ್ಚಬೇಕು" ಎಂದಾಗ ಓಹಿಯೋ ರಾಜ್ಯದ ಊರೊಂದರ ಹೆಸರಿನ ಮೊದಲಕ್ಷರ ಅವನ ನಾಲಗೆಯ ಮೇಲಿರುತ್ತದೆ. ಕಿಡಿಯ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಹೈವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ಒಪ್ಪುವ ಸ್ಪಾರ್ಕ್ ಪ್ಲಗ್ಗನ್ನು 1902ರಲ್ಲಿ ತಂದ ಜರ್ಮನಿಯ ಬಾಷ್ ಕಂಪನಿಯ ಭಾರತದ ಅಂಗ 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಎಂಬ ಹೆಸರಿನಲ್ಲಿ ಶುರುವಾಯಿತು. ಆಡುಗೋಡಿಯಲ್ಲಿದ್ದ ಅದರ ಕಾರ್ಖಾನೆ ಊರಿನವರ ಬಾಯಲ್ಲಿ ಮೈಕೋ. ಮೈಕೋ ಪ್ಲಗ್ ಮನೆಮಾತಾಯಿತು. ಕಂಪನಿ 2008ರಲ್ಲಿ ಹೆಸರು ಬದಲಿಸಿಕೊಂಡರೂ ಮೈಕೋ ಲೇಔಟ್ ಮಾತ್ರ ಬದಲಾಗಿಲ್ಲ.

ಈಗ ಎರಡನೆಯ ದಾರಿ: ಸೆಲ್ಫ್ ಗಿರಗಿರ ತಿರುಗುತ್ತದೆ, ಗಾಡಿ ಹಿಡಿಯುವುದಿಲ್ಲ. ಇಲ್ಲಿ ಮೊದಲ ಸಾಕ್ಷಿ ಮತ್ತೆ ಕಿವಿಯೇ. ರೇಡಿಯೋ, ಫ್ಯಾನು ಆಫ್ ಮಾಡಿ ಕೀಲಿಯನ್ನು ಆನ್‌ಗಷ್ಟೇ ತಂದರೆ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡು 'ಝುಂ' ಎಂಬ ಸಣ್ಣ ಸದ್ದು ಬರಬೇಕು. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಏಳುವ ಸದ್ದು ಅದು. ಬರಲಿಲ್ಲವೆಂದರೆ ಪಂಪಿನ ಫ್ಯೂಸು, ರಿಲೇ ನೋಡಬೇಕು. ಫ್ಯೂಸ್ ಡಬ್ಬಿಯ ಮುಚ್ಚಳದ ಒಳಗೇ ನಕ್ಷೆ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಹಾರ್ನಿನ ರಿಲೇಯೂ ಪಂಪಿನ ರಿಲೇಯೂ ಒಂದೇ ನಂಬರಿನವು. ಮೈಮೇಲಿನ ನಂಬರು ತಾಳೆಯಾದರೆ ಅದಲುಬದಲು ಮಾಡಿ ನೋಡಬಹುದು. ಝುಂ ಎಂದರೆ ಹಾರ್ನಿನ ರಿಲೇ ಗೆದ್ದಿತು. ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿ ಕೂರಿಸುವ ಜಾಣತನ ಇನ್ನೂ ಚಾಲ್ತಿಯಲ್ಲಿದೆ. ಸುಡಬೇಕಾದ ಫ್ಯೂಸು ಸುಡದಿದ್ದರೆ ಆಮೇಲೆ ಸುಡುವುದು ವೈರಿಂಗು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ಕೇಳಿದರೆ ಸಿಟ್ಟಾಗುವವರೂ ಒಮ್ಮೆ ನೋಡುವುದು ಕ್ಷೇಮ, ಮುಳ್ಳು ಸುಳ್ಳು ಹೇಳುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಕೀಲಿಯದೋ ಬೀಗದ್ದೋ ಚಿತ್ರ ಪಟಪಟ ಮಿನುಗುತ್ತಿದೆಯೇ? ಹಾಗಾದರೆ ಕಾರು ಮಾಲೀಕನನ್ನೇ ಕಳ್ಳನೆಂದುಕೊಂಡಿದೆ. ಕೀಲಿಯ ತಲೆಯೊಳಗಿನ ಪುಟ್ಟ ಚಿಪ್ಪು ಹೇಳುವ ಗುಟ್ಟಿನ ಸಂಖ್ಯೆ ಹೊಂದದಿದ್ದರೆ ಇಮ್ಮೊಬಿಲೈಸರ್ ಪೆಟ್ರೋಲನ್ನೋ ಕಿಡಿಯನ್ನೋ ತಡೆಯುತ್ತದೆ. ಬೀರುವಿನಲ್ಲಿಟ್ಟ ಎರಡನೆಯ ಕೀಲಿ ತಂದು ನೋಡುವುದೇ ಪರೀಕ್ಷೆ. ಬಟನ್ ಒತ್ತುವ ಕಾರಾದರೆ ರಿಮೋಟಿನ ಬಿಲ್ಲೆ ಬ್ಯಾಟರಿ ಸತ್ತಿರಬಹುದು. ರಿಮೋಟನ್ನೇ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದರೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ.

ಕಿಡಿಯ ಪರೀಕ್ಷೆಗೆ ಹಿಂದೆ ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಸೆಲ್ಫ್ ಹೊಡೆದು ನೋಡುತ್ತಿದ್ದರು. ಈಗ ಬಹಳಷ್ಟು ಕಾರುಗಳಲ್ಲಿ ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿದೆ, 20,000 ವೋಲ್ಟಿಗೂ ಮೀರಿ ಹುಟ್ಟಿಸುತ್ತದೆ. ಪೆಟ್ರೋಲಿನ ಆವಿಯ ನಡುವೆ ಅದರೊಂದಿಗೆ ಆಟ ಮನೆಯಲ್ಲಿ ಬೇಡ. ತಣ್ಣಗಿನ ಎಂಜಿನ್ನಿನಿಂದ ಪ್ಲಗ್ ಬಿಚ್ಚಿ ಅದರ ಮುಖ ಓದುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ತುದಿ ತಿಳಿ ಕಂದು, ಕಾಫಿಗೆ ಹಾಲು ಹೆಚ್ಚಾದ ಬಣ್ಣ ಇದ್ದರೆ ಆರೋಗ್ಯ. ಒಣ ಮಸಿ ಮೆತ್ತಿದ್ದರೆ ಪೆಟ್ರೋಲು ಹೆಚ್ಚು ಸುರಿಯುತ್ತಿದೆ. ಎಣ್ಣೆಯ ಜಿಡ್ಡು ಇದ್ದರೆ ಎಂಜಿನ್ ಸವೆದಿದೆ. ಪೆಟ್ರೋಲಿನಲ್ಲಿ ತೊಯ್ದು ವಾಸನೆ ಹೊಡೆಯುತ್ತಿದ್ದರೆ ಇಂಧನ ಬರುತ್ತಿದೆ, ಕಿಡಿ ಇಲ್ಲ. ಅಥವಾ ಗಾಬರಿಯಲ್ಲಿ ಸೆಲ್ಫ್ ಹೊಡೆದೂ ಹೊಡೆದೂ ಎಂಜಿನ್ ಮುಳುಗಿದೆ. ಮುಳುಗಿದ ಇಂಜೆಕ್ಷನ್ ಕಾರಿಗೆ ಹತ್ತು ನಿಮಿಷ ಬಿಟ್ಟು ಆಕ್ಸಿಲರೇಟರನ್ನು ಪೂರ್ತಿ ತುಳಿದು ಸೆಲ್ಫ್ ಹೊಡೆದರೆ, ಅದರ ಕಂಪ್ಯೂಟರು ಪೆಟ್ರೋಲು ನಿಲ್ಲಿಸಿ ಗಾಳಿಯನ್ನಷ್ಟೇ ಎಳೆದು ಒಳಗೆ ಒಣಗಿಸುತ್ತದೆ.

ಬಿಸಿಯಿದ್ದಾಗ ನಿಂತು, ಚಹಾ ಕುಡಿದು ಬರುವಷ್ಟರಲ್ಲಿ ಏನೂ ಆಗದಂತೆ ಸ್ಟಾರ್ಟ್ ಆಗುವ ಕಾರು ಮಾಲೀಕರನ್ನು ಹುಚ್ಚರನ್ನಾಗಿಸುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಸಂಭಾವಿತ. ಇಂಥ ಕಡೆ ಹಳೆಯ ಮೆಕ್ಯಾನಿಕ್‌ಗಳು ಹೇಳುವ ಹೆಸರು ಕ್ರ್ಯಾಂಕ್ ಸೆನ್ಸರ್. ಎಂಜಿನ್ ಎಲ್ಲಿಗೆ ತಿರುಗಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಬೆರಳುದ್ದದ ಸಾಧನ ಅದು, ಕಾದಾಗ ಮೂಕವಾಗುತ್ತದೆ. ಅದು ಮೂಕವಾದರೆ ಕಂಪ್ಯೂಟರು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಚೂರಾದರೂ ಮಿಡುಕಬೇಕು. ಸತ್ತಂತೆ ಬಿದ್ದಿದ್ದರೆ ಹಲವು ಕಾರುಗಳಲ್ಲಿ ಅದೇ ಸುಳಿವು. ಸ್ಟೇರಿಂಗಿನ ಕೆಳಗಿನ ಹದಿನಾರು ಪಿನ್ನಿನ ಕಿಂಡಿಗೆ ಬ್ಲೂಟೂತ್ ರೀಡರ್ ಚುಚ್ಚಿ ಮೊಬೈಲಿನಲ್ಲಿ ನೋಡಿದರೆ ಪಿ0335 ಎಂಬ ಸಂಖ್ಯೆ ಕಾಣಬಹುದು. ಅದು ಆ ಸೆನ್ಸರಿನ ಸರ್ಕ್ಯೂಟಿನ ದೂರು. ಸರ್ಕ್ಯೂಟು ಎಂದರೆ ವೈರೂ ಸೇರಿತು. ಸಂಖ್ಯೆ ನೋಡಿದ ಕೂಡಲೇ ಹೊಸ ಸೆನ್ಸರ್ ತರಲು ಓಡುವ ಮುನ್ನ ವೈರನ್ನು ನೋಡಬೇಕು.

ವೈರು ಎಂದ ಮೇಲೆ ಇಲಿಯ ಮಾತು ಬಾರದೆ ಇರದು. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿಗಿಂತ ಒಳ್ಳೆಯ ಬಾಣಂತಿಕೋಣೆ ಇಲಿಗೆ ಸಿಕ್ಕೀತೆ? ಏರ್ ಫಿಲ್ಟರಿನ ಡಬ್ಬಿಯಲ್ಲಿ ತೆಂಗಿನ ನಾರು, ಅಡಿಕೆ ಸಿಪ್ಪೆಯ ಗೂಡು; ಇಂಜೆಕ್ಟರಿನ ವೈರು ತುಂಡು. ತಂಬಾಕಿನ ಎಲೆ, ನುಸಿಗುಳಿಗೆ, ಬಗೆಬಗೆಯ ಸ್ಪ್ರೇ ಎಂದು ಒಬ್ಬೊಬ್ಬರದು ಒಂದೊಂದು ವ್ರತ. ಇಲಿಗಳು ಇವ್ಯಾವುದನ್ನೂ ಬಹಳ ದಿನ ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಕೆಳಗಿನ ಸಂದಿಗಳಿಗೆ ಸಣ್ಣ ಕಣ್ಣಿನ ತಂತಿ ಬಲೆ, ದಿನಕ್ಕೊಮ್ಮೆ ಬಾನೆಟ್ ತೆರೆಯುವುದು, ಕಾರನ್ನು ಹಟ್ಟಿ ಮತ್ತು ಕಸದಗುಂಡಿಯಿಂದ ದೂರ ನಿಲ್ಲಿಸುವುದು ಹೆಚ್ಚು ಫಲ ಕೊಡುತ್ತವೆ.

ಡೀಸೆಲ್ ಕಾರಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಒತ್ತಡದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಚಳಿಯ ಬೆಳಗ್ಗೆ ಡ್ಯಾಶ್‌ಬೋರ್ಡಿನ ಸುರುಳಿ ಚಿತ್ರ ಆರುವವರೆಗೆ ಕಾಯುವುದು, ಫಿಲ್ಟರಿನಲ್ಲಿ ನೀರು ನಿಂತ ದೀಪ ಬಂದರೆ ನೀರು ತೆಗೆಸುವುದು, ಇಷ್ಟು ಮನೆಯ ಕೆಲಸ. ಇಂಜೆಕ್ಟರಿನ ಪೈಪನ್ನು ಮಾತ್ರ ಮುಟ್ಟಬಾರದು. ಈಗಿನ ಡೀಸೆಲ್ಲುಗಳಲ್ಲಿ ಒಳಗಿನ ಒತ್ತಡ 1,000 ಬಾರ್ ದಾಟುತ್ತದೆ, ಆ ಚಿಲುಮೆ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಸೆಲ್ಫ್ ಹೊಡೆಯಲೇಬಾರದ ಸಂದರ್ಭವೂ ಒಂದಿದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ಕಾರುಗಳು ನೀರಿನಲ್ಲಿ ತೇಲಿದವು. ಅಂಥ ನೀರಿನಲ್ಲಿ ನಿಂತುಹೋದ ಕಾರಿನ ಸಿಲಿಂಡರಿನೊಳಗೆ ನೀರು ಹೊಕ್ಕಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು; ಸೆಲ್ಫ್ ಹೊಡೆದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಹಾಗೆ ಕೆಟ್ಟ ಎಂಜಿನ್ನಿಗೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದಿದ್ದರೆ, ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕೀಲಿ ತೆಗೆದು, ಸಾಧ್ಯವಾದರೆ ಬ್ಯಾಟರಿಯ ಮೈನಸ್ ಬಿಚ್ಚಿ, ಎಳೆದೊಯ್ಯುವ ಗಾಡಿ ಕರೆಯಬೇಕು.

ಇತ್ತ ಮೇಷ್ಟ್ರ ಅಂಗಳದಲ್ಲಿ ಸೋಡಾನೀರಿನ ಕೆಲಸ ಮುಗಿದಿದೆ. ಕ್ಲಾಂಪ್ ಬಿಗಿದು, ಪಂಚೆಯ ಅಂಚಿಗೆ ಕೈ ಒರೆಸಿ ಅವರು ಕೀಲಿ ತಿರುಗಿಸುತ್ತಾರೆ. ಊಂ... ಊಂ... ಬುರ್ರ್. ಗಾಡಿ ಹಿಡಿಯಿತು. ಪಕ್ಕದ ಮನೆಯವರು "ನಾನು ಹೇಳಲಿಲ್ವಾ" ಎನ್ನುತ್ತಾರೆ, ಅವರು ಹೇಳಿದ್ದು ಪ್ಲಗ್ ಎಂಬುದನ್ನು ಯಾರೂ ನೆನಪಿಸುವುದಿಲ್ಲ. ಮೇಷ್ಟ್ರು ಉತ್ಸಾಹದಿಂದ ಫೋನ್ ಮಾಡುತ್ತಾರೆ.

"ಆಫ್ ಮಾಡ್ಬೇಡಿ ಮೇಷ್ಟ್ರೆ. ಮಗ ತಂದಿಟ್ಟ ಮೀಟರ್ ಇದೆ ಅಂದ್ರಲ್ಲ, ಬ್ಯಾಟರಿಗೆ ಹಿಡೀರಿ. ಎಷ್ಟು ತೋರಿಸ್ತದೆ?"

ಎಂಜಿನ್ ಓಡುವಾಗ ಆಲ್ಟರ್ನೇಟರ್ ಬ್ಯಾಟರಿಯನ್ನು ತುಂಬುತ್ತಿರಬೇಕು, ಮೀಟರು 13.8ರಿಂದ 14.5ರ ನಡುವೆ ಎಲ್ಲಾದರೂ ನಿಲ್ಲಬೇಕು.

"ಹನ್ನೆರಡು ಪಾಯಿಂಟ್ ಒಂದು."

ಆ ಕಡೆ ಒಂದು ಕ್ಷಣ ಮೌನ. "ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೆ ಎದ್ರುಗಡೆಯಿಂದ ಕೀಂ ಅಂತಿತ್ತಾ?"

"ಅಂತಿತ್ತು. ಒಂದ್ ತಿಂಗಳಾಯ್ತು. ಮಳೆಗಾಲ ಅಲ್ವಾ, ಹಾಗಂದ್ಕೊಂಡೆ."

"ಬೆಲ್ಟ್ ಸಡಿಲ ಆಗಿ ಜಾರ್ತಿದೆ. ಚಾರ್ಜೇ ಆಗ್ತಿಲ್ಲ. ನಿಮ್ಮ ಗಾಡೀಲಿ ವಾಟರ್ ಪಂಪ್ ತಿರುಗೋದೂ ಅದ್ರಲ್ಲೇ. ಸಾಗರಕ್ಕೆ ಹೋಗ್ಬೇಡಿ, ಲೈಟು ಎಸಿ ಹಾಕ್ದೆ ಸೀದಾ ಇಲ್ಲಿಗೆ ಬನ್ನಿ. ಬಿಸಿ ಮುಳ್ಳು ಮೇಲೆ ಹೋದ್ರೆ ಅಲ್ಲೇ ನಿಲ್ಸಿ."

ರೇಷ್ಮೆ ಸೀರೆ, ಸ್ಟೀಲ್ ಪಾತ್ರೆ ಎರಡೂ ಪಕ್ಕದ ಮನೆಯವರ ಕಾರಿಗೆ ವರ್ಗವಾದವು. ಮೇಷ್ಟ್ರು ವೈಪರನ್ನೂ ಹಾಕಲು ಹೆದರುತ್ತ, ಕಿಟಕಿಯಿಂದ ತಲೆ ಹೊರಗೆ ಚಾಚಿ, ಪೇಟೆಯ ಕಡೆ ಹೊರಟರು.